ಯಕೃತ್ತಿನ ಅರ್ಬುದವು ವಂಶದ ಕಳಂಕವಲ್ಲ

ಶರಣಧರ್ಮವು ಕಾಯವನ್ನು ತುಚ್ಛವೆಂದು ಎಣಿಸಲಿಲ್ಲ. ಇಷ್ಟಲಿಂಗವನ್ನು ಧರಿಸುವ ನೆಲೆಯೆಂದು, ಕಾಯಕಕ್ಕೆ ಸಾಧನವೆಂದು ಗೌರವಿಸಿತು. ಆದ್ದರಿಂದ ಕಾಯಕ್ಕೆ ಬರುವ ವ್ಯಾಧಿಗಳ ನಿಜವನ್ನು ಅರಿಯುವುದೂ ಸದ್ಭಕ್ತರ ಕರ್ತವ್ಯವೇ ಆಗಿದೆ. ಮನೆಯಲ್ಲಿ ಒಬ್ಬರಿಗೆ ಯಕೃತ್ತಿನ ಅರ್ಬುದ, ಅಂದರೆ ಲಿವರ್ ಕ್ಯಾನ್ಸರ್ ಬಂದು, ವೈದ್ಯರು ‘ವಂಶವಾಹಿ ಕೆಟ್ಟಿದೆ’ ಎಂದೊಡನೆ ಆ ಮನೆತನದೊಡನೆ ಬೀಗತನ ಬೆಳೆಸಲು ಹಿಂಜರಿಯುವವರುಂಟು. ಇದು ಸಲ್ಲದು.

ವಂಶವಾಹಿಯೆಂಬ ಹೆಸರೇ ಇಲ್ಲಿ ತಪ್ಪು ತಿಳಿವಳಿಕೆಗೆ ಎಡೆಮಾಡಿದೆ. ಜೀವಕೋಶದ ನಡೆಯನ್ನು ಆಳುವ ಆದೇಶಗಳೇ ವಂಶವಾಹಿಗಳು, ಅರ್ಥಾತ್ ಜೀನುಗಳು. ಈ ಅರ್ಬುದದಲ್ಲಿ ಕಾಣುವ ಜೀನಿನ ದೋಷಗಳಲ್ಲಿ ಬಹುಪಾಲು ತಂದೆತಾಯಿಗಳಿಂದ ಬಂದವಲ್ಲ; ಬಾಳಿನ ನಡುವೆ ಯಕೃತ್ತಿನ ಕೋಶಗಳಲ್ಲಿ ಉಂಟಾದ ಗಾಯಗಳು. ಅಂತಹವು ಮಕ್ಕಳಿಗೆ ಇಳಿಯುವುದಿಲ್ಲ.

ಪಿ-53 ಎಂಬ ಜೀನು ಇದಕ್ಕೆ ನಿದರ್ಶನ. ಕೋಶಗಳು ಮಿತಿಮೀರಿ ಬೆಳೆಯದಂತೆ ಕಾಯುವುದು ಅದರ ಕೆಲಸ. ತೇವದಲ್ಲಿಟ್ಟ ಶೇಂಗಾ, ಮೆಕ್ಕೆಜೋಳಗಳಿಗೆ ಹಿಡಿಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಆ ವಿಷವು ಪಿ-53ರ 249ನೆಯ ಸ್ಥಾನವನ್ನು ಕೆಡಿಸುತ್ತದೆಂಬ ಸುಳಿವು 1991ರಲ್ಲಿ ಚೀನಾ ಹಾಗೂ ಆಫ್ರಿಕಾದ ದಕ್ಷಿಣ ಭಾಗದ ರೋಗಿಗಳ ಪರೀಕ್ಷೆಯಿಂದ ದೊರೆಯಿತು. ಹೆಪಟೈಟಿಸ್-ಬಿ ವೈರಾಣುವೂ ಜೊತೆಗೂಡಿದರೆ ಅಪಾಯವು ಹಲವು ಪಟ್ಟು ಹೆಚ್ಚುತ್ತದೆ.

ಜೀನುಗಳ ಅರಿವು ವೈದ್ಯರಿಗೆ ಎರಡು ಬಗೆಯಲ್ಲಿ ನೆರವಾಗುತ್ತದೆ. ಮೊದಲನೆಯದು ಮುನ್ಸೂಚನೆ. ಪಿ-53 ಕೆಟ್ಟಿದ್ದರೆ ರೋಗವು ಉಗ್ರವಾಗುವ ಸಂಭವ ಹೆಚ್ಚು. ಗರ್ಭದಲ್ಲಿ ಎಚ್ಚತ್ತಿದ್ದು ಜನನಾನಂತರ ಮಲಗುವ ಇನ್ನೊಂದು ಜೀನು ಅನೇಕ ರೋಗಿಗಳಲ್ಲಿ ಮತ್ತೆ ಎದ್ದು, ಎ.ಎಫ್.ಪಿ. ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಅದು ಬಹಳ ಏರಿದ್ದರೆ ಅದೂ ಪ್ರತಿಕೂಲ ಸೂಚನೆಯೇ.

ಎರಡನೆಯದು ಚಿಕಿತ್ಸೆಯ ಗುರಿ. ಗಡ್ಡೆಯು ತನ್ನ ಪೋಷಣೆಗೆ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಇದಕ್ಕೆ ಕಾರಣವಾದ ಜೀನುಗಳ ಪ್ರೋಟೀನುಗಳನ್ನು ತಡೆಯುವ ಸೊರಾಫೆನಿಬ್ ಗುಳಿಗೆಗೆ 2007ರಲ್ಲಿ ಮನ್ನಣೆ ದೊರೆಯಿತು. ಅದು ರೋಗವನ್ನು ನಿರ್ಮೂಲ ಮಾಡದು. ರೋಗ ಮುಂದುವರಿದವರ ಆಯುಷ್ಯವನ್ನು ಸುಮಾರು ಮೂರು ತಿಂಗಳು ವಿಸ್ತರಿಸಿತೆಂದು 2008ರ ವರದಿ ತಿಳಿಸಿತು. ಆಗ ನಮ್ಮ ದೇಶದಲ್ಲಿ ಅದರ ವೆಚ್ಚ ತಿಂಗಳಿಗೆ ಸುಮಾರು 2,80,000 ರೂಪಾಯಿ! 2012ರ ಮಾರ್ಚ್‌ನಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕಡ್ಡಾಯ ಪರವಾನಗಿ ದೊರೆತು, ಆ ಕಂಪನಿಯ ಗುಳಿಗೆಯ ಬೆಲೆ 8,880 ರೂಪಾಯಿಗೆ ನಿಗದಿಯಾಯಿತು. ಸಂಪತ್ತುಳ್ಳವರಿಗಷ್ಟೇ ಸಲ್ಲುವ ವಿದ್ಯೆಯು ದಾಸೋಹವಾಗದು ಎಂಬುದಕ್ಕೆ ಇದೊಂದು ಪಾಠ. 2020ರಲ್ಲಿ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಮದ್ದು ಹಾಗೂ ರಕ್ತನಾಳ ತಡೆಯುವ ಮದ್ದುಗಳ ಜೋಡಿಗೂ ಮನ್ನಣೆ ದೊರೆತಿದೆ. ಅದು ಇನ್ನೂ ದುಬಾರಿ.

ಬಂಧುಗಳೇ, ಮನೆಯಲ್ಲಿ ಹರಡಬಲ್ಲದ್ದು ಕೋಶಗಳ ಈ ಗಾಯವಲ್ಲ, ಹೆಪಟೈಟಿಸ್-ಬಿ ವೈರಾಣು. ಅದು ರಕ್ತದಿಂದ, ದೇಹಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆಯೇ ಹೊರತು ಸಹಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವುದರಿಂದ ಬಾರದು. ಕೂಸು ಹುಟ್ಟಿದ 24 ಗಂಟೆಗಳೊಳಗೆ ಲಸಿಕೆ ಹಾಕಿಸಿದರೆ ಬಹುಮಟ್ಟಿಗೆ ರಕ್ಷಣೆಯುಂಟು; ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಮನೆಯಲ್ಲಿ ಒಬ್ಬರಿಗೆ ಈ ವೈರಾಣುವಿದ್ದರೆ ಉಳಿದವರೆಲ್ಲ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಬೂಷ್ಟು ಹಿಡಿದ ಶೇಂಗಾವನ್ನು ಹುರಿದರೂ ವಿಷವು ಪೂರ್ಣವಾಗಿ ಹೋಗದು. ಅದನ್ನು ಬಿಸಾಡುವುದೇ ಲೇಸು. ಮದ್ಯವು ಸರ್ವಥಾ ತ್ಯಾಜ್ಯ.

ಹವಳಗಾ, ಆಳಂದ, ಜೇವರ್ಗಿ ಕಡೆಯವರಿಗೆ ಕಿದ್ವಾಯಿ ಸಂಸ್ಥೆಯ ಕೇಂದ್ರವು ಕಲಬುರಗಿಯಲ್ಲಿಯೇ ಇದೆ. ರೋಗವನ್ನು ಹಣೆಬರಹವೆಂದು ಮುಚ್ಚಿಡದೆ ಬೇಗನೆ ತೋರಿಸಿಕೊಳ್ಳಿರಿ. ಕೋಶದಲ್ಲಾದ ಗಾಯಕ್ಕಾಗಿ ಕುಲವನ್ನು ಹಳಿಯುವುದು ಶರಣರ ನಡೆಯಲ್ಲ.