ನೊಣ ಓಡಿಸೋಕೆ ನೀಲಗಿರಿ, ಹುಟ್ಟದಂತೆ ತಡೆಯೋಕೆ ಬೇವು: ಯಾವುದನ್ನ ಎಲ್ಲಿ ಹಾಕಬೇಕು?

ಮಳೆ ಶುರುವಾದರೆ ಸಾಕು, ಹಣ್ಣಿನ ಗಾಡಿ, ಬೇಕರಿ, ಹೋಟೆಲ್, ಮಾಂಸದಂಗಡಿ ಎಲ್ಲಾ ಕಡೆ ನೊಣದ ಕಾಟ. ಗಿರಾಕಿಗಳು ಮುಖ ಸಿಂಡರಿಸಿಕೊಂಡು ಮುಂದಿನ ಅಂಗಡಿಗೆ ಹೋಗ್ತಾರೆ. ಬೇಸತ್ತು ಕೆಲವರು ಹೊಲಕ್ಕೆ ಹೊಡೆಯುವ ಔಷಧಿಯನ್ನೇ ಬೆಲ್ಲದ ನೀರಿಗೆ ಬೆರೆಸಿ ಇಡುವುದೂ ಉಂಟು. ತಿನ್ನೋ ಪದಾರ್ಥ ಇರುವ ಜಾಗದಲ್ಲಿ ಇದು ಜೀವಕ್ಕೇ ಅಪಾಯ. ಮಕ್ಕಳ ಕೈಗೆ ಸಿಕ್ಕರಂತೂ ಕೇಳೋದೇ ಬೇಡ. ಇದರ ಬದಲು ಗಿಡಮರಗಳಿಂದ ಸಿಗುವ ಮದ್ದು ಬಳಸಬಹುದು. ಆದರೆ ಬಳಸುವ ಜಾಗ ಸರಿ ಇರಬೇಕು.

ಅಂಗಡಿ ಒಳಗೆ ವಾಸನೆ ಎಣ್ಣೆ

ನೀಲಗಿರಿ ಎಣ್ಣೆ, ಮಜ್ಜಿಗೆ ಹುಲ್ಲಿನ ಎಣ್ಣೆಯ ಘಾಟು ನೊಣಕ್ಕೆ ಆಗಿಬರಲ್ಲ. ನೆಲ ಒರೆಸುವ ನೀರಿಗೆ ಕೆಲವು ಹನಿ ಹಾಕಿ ಬಾಗಿಲ ಬಳಿ, ಕೌಂಟರ್ ಕೆಳಗೆ ಒರೆಸಿ. ಈ ಎಣ್ಣೆ ಬೇಗ ಆರಿಹೋಗುತ್ತೆ, ಘಾಟು ಹೋದ ಮೇಲೆ ನೊಣ ವಾಪಸ್. ಹಾಗಾಗಿ ದಿನಕ್ಕೆ ಎರಡು ಮೂರು ಸಲ ಒರೆಸಬೇಕು. ತಿಂಡಿ, ತಟ್ಟೆ ಮೇಲೆ ಮಾತ್ರ ಸಿಂಪಡಿಸಬೇಡಿ.

ಕಸದ ಗುಂಡಿಗೆ, ತಿಪ್ಪೆಗೆ ಬೇವು

ನೊಣ ಮೊಟ್ಟೆ ಇಡೋದು ಸಗಣಿ, ಹಸಿ ಕಸ, ಕೊಳೆತ ಹಣ್ಣಿನಲ್ಲಿ. ಒಂದು ಸಲಕ್ಕೆ ನೂರರ ಆಸುಪಾಸು. ಸೆಕೆ ಇದ್ದರೆ 7ರಿಂದ 10 ದಿನದಲ್ಲಿ ಮೊಟ್ಟೆ, ಹುಳ, ಕೋಶ ಎಲ್ಲಾ ದಾಟಿ ಹೊಸ ನೊಣ ಹಾರುತ್ತೆ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಅನ್ನೋ ಅಂಶ ಹುಳ ಪೊರೆ ಕಳಚಿ ಬೆಳೆಯುವುದನ್ನು ಕೆಡಿಸುತ್ತದೆ. ಹಾರಾಡುವ ನೊಣಕ್ಕೆ ಹೊಡೆದರೆ ಅದು ತಕ್ಷಣ ಸಾಯಲ್ಲ. ಅದಕ್ಕೇ "ಬೇವು ಕೆಲಸ ಮಾಡಲ್ಲ" ಅಂತ ಕೈಬಿಡುವವರು ಜಾಸ್ತಿ.

ಮಾಡೋದು ಹೇಗೆ?

ಜೂನ್, ಜುಲೈನಲ್ಲಿ ಬೇವಿನ ಹಣ್ಣು ಉದುರುತ್ತದೆ. ಬೀಜ ತೊಳೆದು ನೆರಳಲ್ಲಿ ಒಣಗಿಸಿ. 50 ಗ್ರಾಂ ತಿರುಳು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ 1 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ. ಮಾರನೇ ದಿನ ಹಿಂಡಿ ಸೋಸಿ, ಸ್ವಲ್ಪ ಸೋಪಿನ ನೀರು ಬೆರೆಸಿ. ರೈತರು ಬೆಳೆಗೆ ಹೊಡೆಯುವ ಶೇ. 5ರ ಬೇವಿನ ಕಷಾಯ ಇದೇ. ಬಿಸಿಲಿಗೆ ಇದರ ಶಕ್ತಿ ಹೋಗುತ್ತದೆ, ಹಾಗಾಗಿ ಅದೇ ದಿನ ಸಂಜೆ ಹುಳ ಇರುವ ಕಡೆ ನೆನೆಯುವಂತೆ ಸುರಿಯಿರಿ. ವಾರಕ್ಕೊಮ್ಮೆಯಾದರೂ ಮತ್ತೆ ಮಾಡಿ.

ಹಸಿ ಕಸವನ್ನು ವಾರದೊಳಗೆ ಎರಡು ಸಲ ಸಾಗಿಸಿದರೆ ಅಲ್ಲಿಟ್ಟ ಮೊಟ್ಟೆ ನೊಣವಾಗೋಕೆ ಸಮಯವೇ ಸಿಗಲ್ಲ. ಇನ್ನೊಂದು ಮಾತು: ನೊಣಕ್ಕೆ ಅಂಗಡಿ ಗಡಿ ಗೊತ್ತಿಲ್ಲ. ನೀವೊಬ್ಬರೇ ಮಾಡಿ ಪಕ್ಕದವರ ಹಿತ್ತಲಲ್ಲಿ ಕಸ ಕೊಳೆಯುತ್ತಿದ್ದರೆ ಪ್ರಯೋಜನ ಇಲ್ಲ. ಸಾಲಿನ ಅಂಗಡಿಯವರೆಲ್ಲ ಒಂದೇ ದಿನ ಗೊತ್ತು ಮಾಡಿಕೊಂಡು ಸುರಿಯಿರಿ.