ಕುತ್ತಿಗೆ ನೋವಿಗೆ ಕಣ್ಣಿನ ವ್ಯಾಯಾಮ: ಸಲೂನ್‌ನಲ್ಲಿ ನೆಟಿಕೆ ತೆಗೆಸುವ ಮುನ್ನ ಇದನ್ನು ಓದಿ

ಪುಣೆ: ಹಿಂಜವಡಿಯ ಐಟಿ ಪಾರ್ಕ್‌ನಲ್ಲಿ ದಿನವಿಡೀ ಲ್ಯಾಪ್‌ಟಾಪ್, ಹೋಗಿ ಬರುವಾಗ ಟ್ರಾಫಿಕ್ ಜಾಮ್, ಮನೆಗೆ ಬಂದರೆ ಮೊಬೈಲ್. ಕುತ್ತಿಗೆ ಹಿಡಿದುಕೊಳ್ಳಲು ಇನ್ನೇನು ಬೇಕು? ಕೆಲಸಕ್ಕೆಂದು ಪುಣೆ ಸೇರಿರುವ ಕನ್ನಡಿಗರೂ ಇದಕ್ಕೆ ಹೊರತಲ್ಲ. ಮಸಾಜ್ ಮಾಡಿಸಿದರೆ ಎರಡು ದಿನ ಹಾಯೆನಿಸುತ್ತದೆ, ಮೂರನೇ ದಿನ ನೋವು ಮತ್ತೆ ಹಾಜರ್. ಮೂರು ತಿಂಗಳು ದಾಟಿದ ಇಂಥ ನೋವಿಗೆ ಫಿಸಿಯೋಥೆರಪಿಸ್ಟ್‌ಗಳು ಕೈಯಿಂದ ಮಾಡುವ ಚಿಕಿತ್ಸೆಯ ಜೊತೆಗೆ ಕಣ್ಣಿನ ವ್ಯಾಯಾಮವನ್ನೂ ಹೇಳಿಕೊಡುವುದುಂಟು.

ಕಣ್ಣಿಗೂ ಕುತ್ತಿಗೆಗೂ ಏನು ಸಂಬಂಧ?

ತಲೆಬುರುಡೆಯ ಹಿಂಭಾಗದ ಬುಡದಲ್ಲಿ ಎರಡು ಬೆರಳಿಟ್ಟು, ಕಣ್ಣುಗಳನ್ನಷ್ಟೇ ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಿ. ತಲೆ ಅಲುಗದಿದ್ದರೂ ಬೆರಳಿನಡಿ ಸ್ನಾಯು ಸಣ್ಣಗೆ ಮಿಸುಕುವುದು ಹಲವರಿಗೆ ಗೊತ್ತಾಗುತ್ತದೆ. ತಲೆ ಯಾವ ಕಡೆ ತಿರುಗಿದೆ ಎಂದು ಮೆದುಳಿಗೆ ತಿಳಿಸುವ ಸಂವೇದಕಗಳು ಈ ಪುಟ್ಟ ಸ್ನಾಯುಗಳಲ್ಲಿ ಕಿಕ್ಕಿರಿದಿವೆ. ಕಣ್ಣು, ಒಳಕಿವಿ, ಕುತ್ತಿಗೆ ಮೂರರ ಮಾಹಿತಿ ತಾಳೆಯಾಗಬೇಕು. ನೋವು ಹಳೆಯದಾದಾಗ ಕುತ್ತಿಗೆಯ ಲೆಕ್ಕ ತಪ್ಪಬಹುದು.

ಫ್ರಾನ್ಸ್‌ನ ವೈದ್ಯ ರೆವೆಲ್ ಮತ್ತು ಸಂಗಡಿಗರು 1991ರಲ್ಲೇ ಇದನ್ನು ಅಳೆದಿದ್ದರು. 90 ಸೆಂ.ಮೀ. ದೂರದ ಗುರಿಯ ಮುಂದೆ ಕೂತು, ಕಣ್ಣು ಕಾಣದಂತೆ ಮಾಡಿಕೊಂಡು ತಲೆ ತಿರುಗಿಸಿ, ಮತ್ತೆ ಮೊದಲಿನ ಜಾಗಕ್ಕೇ ತರಬೇಕು. ನೋವಿದ್ದವರು ಗುರಿ ಹೆಚ್ಚು ತಪ್ಪಿದರು. 1994ರಲ್ಲಿ ಅದೇ ತಂಡ 60 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 8 ವಾರ ಕಣ್ಣು-ಕುತ್ತಿಗೆ ಹೊಂದಾಣಿಕೆಯ ವ್ಯಾಯಾಮ ಮಾಡಿಸಿತು. ಆ ಗುಂಪಿನ ಗುರಿಯೂ ಸುಧಾರಿಸಿತು, ನೋವೂ ಇಳಿಯಿತು. ಆದರೂ ಈ ವಿಷಯದ ಅಧ್ಯಯನಗಳು ಬಹುಪಾಲು ಸಣ್ಣವು, ಪವಾಡವೆಂದು ನಂಬಬೇಕಿಲ್ಲ.

ಮಾಡುವುದು ಹೇಗೆ?

ಮೊದಲು ಥೆರಪಿಸ್ಟ್ ಕೈಯಿಂದ ಬಿಗಿತ ಸಡಿಲಿಸುತ್ತಾರೆ. ಬಳಿಕ ತಲೆ ಅಲುಗಿಸದೆ, ಆಚೀಚೆ ಸರಿಯುವ ಹೆಬ್ಬೆರಳನ್ನು ಕಣ್ಣಿನಲ್ಲೇ ಹಿಂಬಾಲಿಸುವುದು. ಮುಂದೆ ಹೆಬ್ಬೆರಳ ಮೇಲೆ ನೋಟ ನೆಟ್ಟು ತಲೆಯನ್ನು ನಿಧಾನ ತಿರುಗಿಸುವುದು. ಸಡಿಲಗೊಂಡ ಕುತ್ತಿಗೆಗೆ ಸರಿಯಾದ ಲೆಕ್ಕ ಮರಳಿ ಕಲಿಸುವುದೇ ಇದರ ಉದ್ದೇಶ. ತಲೆಸುತ್ತು ಬಂದರೆ ನಿಲ್ಲಿಸಿ, ಥೆರಪಿಸ್ಟ್‌ಗೆ ತಿಳಿಸಿ.

ಕೈ ಚಿಕಿತ್ಸೆ ಎಂದರೆ ಸಲೂನ್‌ನಲ್ಲಿ ತೆಗೆಯುವ ನೆಟಿಕೆಯಲ್ಲ. ಹೇರ್‌ಕಟ್ ಜೊತೆ ಮಸಾಜ್ ಮಾಡಿಸಿಕೊಂಡ ಬಳ್ಳಾರಿಯ ಯುವಕನೊಬ್ಬನಿಗೆ ಪಾರ್ಶ್ವವಾಯುವಾದ ಪ್ರಕರಣ 2024ರಲ್ಲಿ ಸುದ್ದಿಯಾಗಿತ್ತು. ಕುತ್ತಿಗೆಯನ್ನು ಥಟ್ಟನೆ ತಿರುಚಿದಾಗ ಮೆದುಳಿಗೆ ರಕ್ತ ಒಯ್ಯುವ ನಾಳ ಹರಿಯುವ ಅಪಾಯವಿದೆ. ಸಂಚೇತಿಯಂಥ ಫಿಸಿಯೋಥೆರಪಿ ಕಾಲೇಜುಗಳಿರುವ ಪುಣೆಯಲ್ಲಿ ತರಬೇತಾದವರನ್ನು ಹುಡುಕುವುದು ಕಷ್ಟವೇನಲ್ಲ.

ಕೈ ಜೋಮು ಹಿಡಿಯುವುದು, ಬಲ ಕುಂದುವುದು, ಎರಡೆರಡಾಗಿ ಕಾಣುವುದು, ಜ್ವರ ಅಥವಾ ಅಪಘಾತದ ನಂತರದ ನೋವು ಇದ್ದರೆ ವ್ಯಾಯಾಮ ಬೇಡ, ನೇರ ವೈದ್ಯರ ಬಳಿ ಹೋಗಿ.