ಬಂಡೆಯಡಿಯ ಊರಿನೊಡನೆ ಮಾತುಕತೆ

ನೈಜೀರಿಯಾ ದೇಶದ ಲಾಗೋಸ್ ಮಹಾನಗರದ ಉತ್ತರಕ್ಕೆ, ಓಗುನ್ ನದಿಯ ದಂಡೆಯಲ್ಲಿ, ಕಗ್ಗಲ್ಲಿನ ಗುಡ್ಡಗಳ ನಡುವೆ ತುಕ್ಕು ಹಿಡಿದ ತಗಡಿನ ಮಾಡುಗಳನ್ನು ಒತ್ತೊತ್ತಾಗಿ ಹರಡಿಕೊಂಡು ಕುಳಿತಿರುವ ಅಬೆಯೊಕುಟವೆಂಬ ಹಳೆಯ ಯೊರುಬಾ ಪಟ್ಟಣವನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ ಆ ಊರಿನ ಕೆಲವರೊಡನೆ ವಾಟ್ಸ್‌ಆ್ಯಪಿನಲ್ಲಿ ಬೆಳೆದುಬಂದ ಮಾತುಕತೆಯಿಂದಲೂ, ಆ ಮಾತುಕತೆಯೇ ಹಚ್ಚಿದ ಕುತೂಹಲದಿಂದ ಓದಿಕೊಂಡ ಚರಿತ್ರೆಯಿಂದಲೂ, ಅದರ ಓಣಿಗಳಲ್ಲಿ ದಾರಿ ತಪ್ಪದೆ ನಡೆಯಬಲ್ಲೆನೆಂಬ ಭ್ರಮೆಯೊಂದು ನನ್ನಲ್ಲಿ ಉಂಟಾಗಿದೆ. ನಮಗೂ ಅವರಿಗೂ ನಾಲ್ಕೂವರೆ ತಾಸುಗಳ ಅಂತರ. ಇಲ್ಲಿ ಊಟ ಮುಗಿದು ರಾತ್ರಿ ಹತ್ತಾಗುವಾಗ ಅಲ್ಲಿ ಇನ್ನೂ ಇಳಿಹೊತ್ತಿನ ಐದೂವರೆ; ಅಂಗಡಿಯ ಗಿರಾಕಿಗಳು ವಿರಳವಾಗುವ, ಆದುದರಿಂದ ಹರಟೆಗೆ ಪ್ರಶಸ್ತವಾದ ಸಮಯ.

ಈ ಜನರೊಡನೆ ಮಾತನಾಡಬಯಸುವವನು ಮೊದಲು ಕಲಿಯಬೇಕಾದುದು ಅವಸರಪಡದಿರುವುದನ್ನು. ವಿಷಯಕ್ಕೆ ನೇರವಾಗಿ ಕೈಹಾಕುವುದು ಯೊರುಬಾ ಜನರ ದೃಷ್ಟಿಯಲ್ಲಿ ಒರಟುತನ. ಬೆಳಗಿಗೊಂದು ವಂದನೆ, ದುಡಿಯುತ್ತಿರುವವನಿಗೊಂದು, ಪ್ರಯಾಣದಿಂದ ಬಂದವನಿಗೊಂದು, ಮಳೆಗೊಂದು, ಬಿಸಿಲಿಗೊಂದು, ಮನೆಯಲ್ಲಿ ಮಗು ಹುಟ್ಟಿದವರಿಗೆ ಮತ್ತೊಂದು, ಹೀಗೆ ಸಂದರ್ಭಕ್ಕೆ ತಕ್ಕ ವಂದನೆಗಳನ್ನು ಸಲ್ಲಿಸಿ, ಮನೆಮಂದಿಯ ಕ್ಷೇಮವನ್ನು ವಿಚಾರಿಸಿಯಾದ ಮೇಲೆಯೇ ಪ್ರಸ್ತುತ ವಿಷಯಕ್ಕೆ ಪ್ರವೇಶ. ಹಿರಿಯರೆದುರು ಗಂಡಸು ಸಾಷ್ಟಾಂಗವೆರಗುವುದೂ, ಹೆಣ್ಣುಮಗಳು ಮಂಡಿಯೂರುವುದೂ ಅಲ್ಲಿಯ ಸಂಪ್ರದಾಯವಾದುದರಿಂದ, ದೂರವಾಣಿಯ ಪುಟ್ಟ ಪರದೆಯಲ್ಲಿ ಎರಗಲಾರದ ತರುಣನು ಪ್ರತಿಯೊಂದು ವಾಕ್ಯದ ಕೊನೆಗೂ ‘ಸರ್’ ಎಂದು ಸೇರಿಸಿ ಆ ಕೊರತೆಯನ್ನು ತುಂಬಿಕೊಳ್ಳುತ್ತಾನೆ. ಟೈಪಿಸಿದ ಸಂದೇಶಕ್ಕಿಂತ ಧ್ವನಿಸಂದೇಶದ ಮೇಲೆ ಇವರಿಗೆ ಒಲವು ಹೆಚ್ಚು; ಸ್ವರದ ಏರಿಳಿತದಿಂದಲೇ ಅರ್ಥ ಬೇರೆಯಾಗುವ ಭಾಷೆಯನ್ನು, ಚುಕ್ಕೆ ಗೀರುಗಳಿಲ್ಲದ ಬರಿಯ ರೋಮನ್ ಅಕ್ಷರಗಳಲ್ಲಿ ಬರೆಯುವ ಕಷ್ಟವೇ ಇದಕ್ಕೆ ಕಾರಣವಿರಬೇಕು. ಮಾತಿನ ಮಧ್ಯೆ ಕರೆಂಟು ಹೋಗಿ ಜನರೇಟರು ಗುಡುಗತೊಡಗುವುದೂ, ಮರಳಿ ಬಂದೊಡನೆ ಓಣಿಯ ಮಕ್ಕಳೆಲ್ಲ ‘ಅಪ್ ನೇಪಾ’ ಎಂದು ಜಯಕಾರ ಹಾಕುವುದೂ ಆ ಧ್ವನಿಸಂದೇಶಗಳಲ್ಲಿ ಕೇಳಿಬರುವುದುಂಟು. ನೇಪಾ ಎಂಬ ವಿದ್ಯುತ್ ಮಂಡಳಿಯು ಅಳಿದು ಬಹುಕಾಲವಾದರೂ ಅದರ ಹೆಸರು ಮಾತ್ರ ಮಕ್ಕಳ ಬಾಯಲ್ಲಿ ಚಿರಂಜೀವಿಯಾಗಿದೆ.

ನೀವು ಯಾವ ಊರಿನವರೆಂದು ಕೇಳಿದರೆ, ಅಬೆಯೊಕುಟವೆಂದು ಹೇಳಿ ಸುಮ್ಮನಾಗುವವರು ಕಡಿಮೆ. ಅಕೆ, ಇಟೋಕೊ, ಕೆಮ್ಟಾ, ಓವು ಎಂದು ತಮ್ಮ ಪೇಟೆಯ ಹೆಸರನ್ನು ಹೇಳಿಯೇ ತೀರುತ್ತಾರೆ. ಇದರ ಮೂಲವು ಊರಿನ ಹುಟ್ಟಿನಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಓಯೊ ಸಾಮ್ರಾಜ್ಯವು ಕುಸಿಯುತ್ತಿದ್ದಂತೆ ಯೊರುಬಾ ನಾಡೆಲ್ಲ ಯುದ್ಧದ ಬೇಗೆಯಲ್ಲಿ ಬೆಂದು, ಎಗ್ಬಾ ಜನರ ಅರಣ್ಯಗ್ರಾಮಗಳು ಒಂದಾದ ಮೇಲೊಂದರಂತೆ ನಾಶವಾಗಲು, ಅಳಿದುಳಿದವರು ಸೊಡೆಕೆ ಎಂಬ ನಾಯಕನ ಹಿಂದೆ ನಡೆದು 1830ರ ಸುಮಾರಿಗೆ ಓಲುಮೊ ಎಂಬ ಹೆಬ್ಬಂಡೆಯ ಆಶ್ರಯದಲ್ಲಿ ಬಂದು ನೆಲಸಿದರು. ಊರಿನ ಹೆಸರಿಗೂ ಬಂಡೆಯ ಅಡಿ ಎಂದೇ ಅರ್ಥ. ಬಂದವರು ತಮ್ಮ ಹಾಳಾದ ಹಳ್ಳಿಗಳ ಹೆಸರನ್ನೂ, ಮುಖಂಡರನ್ನೂ, ದೇವತೆಗಳನ್ನೂ ಬಿಟ್ಟುಬರಲಿಲ್ಲ. ಹಳ್ಳಿಗೊಂದು ಪೇಟೆಯಂತೆ ಕಟ್ಟಿಕೊಂಡರು. ಇಂದಿಗೂ ಅಲ್ಲಿ ಅಕೆ, ಒಕೆ-ಓನಾ, ಗ್ಬಾಗುರಾ, ಓವು ಎಂಬ ನಾಲ್ಕು ವಿಭಾಗಗಳೂ, ಅವಕ್ಕೆ ಬೇರೆಬೇರೆ ನಾಲ್ವರು ಅರಸರೂ ಇರುವರು. ಇವರಲ್ಲಿ ಅಕೆಯ ಅರಸನಾದ ಅಲಾಕೆಗೆ ಅಗ್ರಸ್ಥಾನವೆಂಬುದು ಸಾಮಾನ್ಯವಾದ ಅಭಿಪ್ರಾಯವಾದರೂ, ಓವು ಪೇಟೆಯವನೊಡನೆ ಈ ಮಾತನ್ನು ಎತ್ತುವ ಮುನ್ನ ಎರಡು ಸಲ ಯೋಚಿಸುವುದು ಕ್ಷೇಮಕರ.

ಸೊಡೆಕೆಗಿಂತಲೂ ಹಿಂದಿನ ವೀರನಾದ ಲಿಸಾಬಿಯ ಕಥೆಯನ್ನು ಇವರು ಇನ್ನೂ ಹೆಚ್ಚಿನ ಅಭಿಮಾನದಿಂದ ಹೇಳುತ್ತಾರೆ. ನಮ್ಮ ಮುಯ್ಯಾಳಿನ ಪದ್ಧತಿಯಂತೆ ಒಬ್ಬರ ಹೊಲದಲ್ಲಿ ಮತ್ತೊಬ್ಬರು ಸರದಿಯ ಮೇಲೆ ದುಡಿಯುವ ಕೂಟವನ್ನು ಕಟ್ಟಿ, ಆ ಕೂಟವನ್ನೇ ಗುಟ್ಟಾಗಿ ಸೈನ್ಯವನ್ನಾಗಿಸಿ, ಓಯೊ ಅರಸನ ಕಪ್ಪ ವಸೂಲಿಗಾರರನ್ನು ನಿರ್ಮೂಲಗೊಳಿಸಿದವನೀತ. ತಮ್ಮನ್ನು ಲಿಸಾಬಿಯ ಮಕ್ಕಳೆಂದು ಕರೆದುಕೊಳ್ಳುವುದು ಎಗ್ಬಾ ಜನರಿಗೆ ಇಂದಿಗೂ ಹೆಮ್ಮೆ.

ಆದರೆ ನನ್ನನ್ನು ಈ ಊರಿಗೆ ಕಟ್ಟಿಹಾಕಿದುದು ಅದರ ಯುದ್ಧಗಳಲ್ಲ. ವರ್ತಮಾನವನ್ನು ಕೇಳುವುದರಲ್ಲಿಯೂ ಹೇಳುವುದರಲ್ಲಿಯೂ ಅದಕ್ಕಿರುವ ಬಹುಕಾಲದ ಹಸಿವು. ಗುಲಾಮರಾಗಿ ಮಾರಲ್ಪಟ್ಟು, ಬ್ರಿಟಿಷ್ ನೌಕಾಪಡೆಯಿಂದ ಬಿಡುಗಡೆ ಹೊಂದಿ, ಸಿಯೆರಾ ಲಿಯೋನಿನಲ್ಲಿ ವಿದ್ಯೆ ಕಲಿತ ಯೊರುಬಾ ಜನರು ತಮ್ಮವರನ್ನು ಅರಸುತ್ತ ಹಿಂದಿರುಗಿದಾಗ, ಅವರಲ್ಲಿ ಬಹುಮಂದಿ ಬಂದು ಸೇರಿದುದು ಇಲ್ಲಿಗೆ. ಅಂಥವರಲ್ಲೊಬ್ಬನು ಸ್ಯಾಮುಯೆಲ್ ಅಜಾಯಿ ಕ್ರೌದರ್. 1821ರಲ್ಲಿ, ಬಾಲಕನಾಗಿದ್ದಾಗ, ಸೆರೆಸಿಕ್ಕು ತಾಯಿಯಿಂದ ಅಗಲಿದ ಈತನು, ಪಾದ್ರಿಯಾಗಿ 1846ರಲ್ಲಿ ಅಬೆಯೊಕುಟಕ್ಕೆ ಬಂದ ಕೆಲವೇ ದಿನಗಳಲ್ಲಿ, ಇಪ್ಪತ್ತೈದು ವರ್ಷಗಳ ಹಿಂದೆ ಕಳೆದುಕೊಂಡಿದ್ದ ತಾಯಿಯನ್ನು ಮರಳಿ ಕಂಡನು. ಯೊರುಬಾ ಭಾಷೆಗೆ ಬೈಬಲನ್ನು ತಂದವರಲ್ಲಿ ಈತನೇ ಪ್ರಮುಖನು. ಬಾಯಿಂದ ಬಾಯಿಗೆ ಹರಿದು ಬರುವ ಸುದ್ದಿಯೊಂದನ್ನೇ ನಂಬಿಕೊಂಡು ಮನೆಯವರನ್ನು ಹುಡುಕುತ್ತಿದ್ದ ಜನ ತುಂಬಿದ ಊರಿನಲ್ಲಿ, 1859ರ ಡಿಸೆಂಬರಿನಲ್ಲಿ, ಹೆನ್ರಿ ಟೌನ್‌ಸೆಂಡ್ ಎಂಬ ಮಿಷನರಿಯು ‘ಇವೆ ಇರೋಹಿನ್’ ಎಂಬ ಪತ್ರಿಕೆಯನ್ನು ಯೊರುಬಾ ಭಾಷೆಯಲ್ಲಿ ಅಚ್ಚು ಹಾಕಿಸಲು ತೊಡಗಿದುದು ಆಶ್ಚರ್ಯವಲ್ಲ. ನೈಜೀರಿಯಾದ ಮೊದಲ ವೃತ್ತಪತ್ರಿಕೆಯೆಂದು ಗಣ್ಯವಾದ ಈ ಪಾಕ್ಷಿಕಕ್ಕೆ ಓದುಗರು ತೆರುತ್ತಿದ್ದ ಬೆಲೆ ಕವಡೆಗಳಲ್ಲಿ. ಅದರಲ್ಲಿ ದೊರೆಯುತ್ತಿದ್ದುದು ಇಗರ್ಜಿಯ ಸಮಾಚಾರ, ಜನನ ಮರಣಗಳು, ಹತ್ತಿಯ ಧಾರಣೆ. ಇಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಸರಕೂ ಇದಕ್ಕಿಂತ ಬಹಳ ಭಿನ್ನವಾದುದೆಂದು ನನಗೆ ತೋರುವುದಿಲ್ಲ. 1867ರಲ್ಲಿ, ಲಾಗೋಸಿನ ಬ್ರಿಟಿಷ್ ಆಡಳಿತದೊಡನೆ ಮನಸ್ತಾಪ ಬೆಳೆದು, ಎಗ್ಬಾ ಜನರು ಐರೋಪ್ಯರನ್ನು ಹೊರಗಟ್ಟಿದಾಗ ಅಚ್ಚುಕೂಟವೂ ಧ್ವಂಸವಾಯಿತು.

ಮಾತಿನ ಬಲವನ್ನು ಈ ಊರು ಅತ್ಯಂತ ಪ್ರಖರವಾಗಿ ತೋರಿಸಿದುದು ಹೆಂಗಸರ ಮೂಲಕ. ತಮ್ಮ ಮೇಲೆ ಪ್ರತ್ಯೇಕವಾಗಿ ಹೇರಿದ್ದ ತೆರಿಗೆಯನ್ನು ಪ್ರತಿಭಟಿಸಿ, ಫುನ್ಮಿಲಾಯೊ ರಾನ್ಸಮ್-ಕುಟಿಯವರ ಮುಂದಾಳುತನದಲ್ಲಿ, ಸಂತೆಯ ಹೆಂಗಸರೂ ಶಿಕ್ಷಿತ ಗೃಹಿಣಿಯರೂ ಕೂಡಿ 1947ರಲ್ಲಿ ಅಲಾಕೆಯ ಅರಮನೆಯೆದುರು ನೆರೆದು, ಹಾಡಿ, ಹಂಗಿಸಿ, ಅರ್ಜಿಯ ಮೇಲೆ ಅರ್ಜಿ ಬರೆದು, ಕೊನೆಗೆ 1949ರ ಆದಿಯಲ್ಲಿ ಅರಸನೇ ಸಿಂಹಾಸನವನ್ನು ತೊರೆದುಹೋಗುವಂತೆ ಮಾಡಿದರು. ಮರುವರ್ಷದ ಕೊನೆಗೆ ಆತನು ಹಿಂದಿರುಗಿದನೆಂಬುದನ್ನೂ ಹೇಳಬೇಕು. ಅಕೆ ಪೇಟೆಯಲ್ಲಿ ಈ ಗದ್ದಲವನ್ನು ಕಣ್ಣರಳಿಸಿ ನೋಡಿದ ಹುಡುಗನೊಬ್ಬನು, ಮುಂದೆ 1986ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ವೊಲೆ ಸೊಯಿಂಕಾ, ತನ್ನ ಬಾಲ್ಯದ ಕಥನದಲ್ಲಿ ಅದನ್ನು ಚಿತ್ರಿಸಿದ್ದಾನೆ. ಸಂಗೀತಗಾರ ಫೇಲಾ ಕುಟಿ ಆ ನಾಯಕಿಯ ಮಗನು. ಲಾಗೋಸಿನಿಂದ ಇಬಾದಾನಿಗೆ ಹೋಗುವ, 2021ರಲ್ಲಿ ತೆರೆದ ಹೊಸ ರೈಲುಮಾರ್ಗದಲ್ಲಿ ಅಬೆಯೊಕುಟದ ನಿಲ್ದಾಣಕ್ಕೆ ಸೊಯಿಂಕಾರ ಹೆಸರನ್ನೇ ಇಟ್ಟಿದ್ದಾರೆ.

ಪ್ರಶ್ನೆಗಳೆಲ್ಲ ನಮ್ಮ ಕಡೆಯಿಂದಲೇ ಎಂದು ಭಾವಿಸಬಾರದು. ಇಂಗ್ಲಿಷಿಗೆ ಡಬ್ ಆದ ಹಿಂದಿ ಧಾರಾವಾಹಿಗಳನ್ನು ಜೀ ವರ್ಲ್ಡ್ ವಾಹಿನಿಯಲ್ಲಿ ತಪ್ಪದೆ ನೋಡುವ ಗೃಹಿಣಿಯರು ಅಲ್ಲಿ ಬಹಳ. ಭಾರತದ ಅತ್ತೆಯರೆಲ್ಲ ಮಲಗುವಾಗಲೂ ಒಡವೆ ಕಳಚುವುದಿಲ್ಲವೇ ಎಂದು ನನ್ನನ್ನು ಕೇಳಿದವರುಂಟು. ಅದಕ್ಕೆ ಪ್ರತಿಯಾಗಿ ನಾನು ಊಟದ ವಿಷಯವನ್ನು ತೆಗೆಯುತ್ತೇನೆ: ಮರಗೆಣಸಿನ ಹಿಟ್ಟಿನಿಂದ ತೊಳಸಿದ, ಎಗ್ಬಾ ಜನರ ಅಚ್ಚುಮೆಚ್ಚಿನ ‘ಲಾಫುನ್’ ಮುದ್ದೆ, ಆ ಸೀಮೆಯದೇ ಆದ ಒಫಾಡಾ ಅಕ್ಕಿ, ಅದರ ಜೊತೆಗೆ ಕಣ್ಣಲ್ಲಿ ನೀರು ಬರಿಸುವ ಮೆಣಸಿನ ಸಾರು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಅವರು ಉಪದೇಶ ಮಾಡತೊಡಗಿದಾಗ, ಈ ವಿದ್ಯೆಯಲ್ಲಿ ಮೈಸೂರು ಸೀಮೆಯವರು ಯಾರಿಗೂ ಶಿಷ್ಯರಲ್ಲವೆಂದು ತಿಳಿಸಬೇಕಾಯಿತು.

ಈಗ ಊರಿನ ಕೀರ್ತಿಯನ್ನು ಹೊತ್ತಿರುವುದು ಇಟೊಕು ಪೇಟೆಯ ‘ಅದಿರೆ’ ಎಂಬ ನೀಲಿ ಬಟ್ಟೆ. ಬಟ್ಟೆಯನ್ನು ಗಂಟುಕಟ್ಟಿಯೋ, ಮರಗೆಣಸಿನ ಗಂಜಿಯಿಂದ ಕೋಳಿಯ ಗರಿ ಹಿಡಿದು ಚಿತ್ರ ಬರೆದೋ, ನೀಲಿಯ ಹರವಿಯಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸುವ ಈ ಕಸುಬು ತಾಯಿಯಿಂದ ಮಗಳಿಗೆ ಬಂದುದು. ಪೇಟೆಯ ವ್ಯಾಪಾರವು ಅರ್ಧಕ್ಕರ್ಧ ಫೋನಿಗೆ ಏರಿರುವುದರಿಂದ, ಹಗ್ಗದ ಮೇಲೆ ಇನ್ನೂ ತೊಟ್ಟಿಕ್ಕುತ್ತಿರುವ ಬಟ್ಟೆಯ ಚಿತ್ರವು ಲಾಗೋಸಿನ ಗಿರಾಕಿಗೆ ತಲಪಿ ಕ್ರಯವೂ ಕುದುರಿಹೋಗುತ್ತದೆ. ಆದರೆ ಪರದೇಶದ ಯಂತ್ರಗಳಲ್ಲಿ ಅದೇ ಚಿತ್ತಾರವನ್ನು ಅಚ್ಚೊತ್ತಿದ ಅಗ್ಗದ ಬಟ್ಟೆಯೂ ಅದೇ ಪೇಟೆಗೆ ಬಂದಿಳಿಯುತ್ತಿದೆ. ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು. ಹರವಿಯಲ್ಲಿ ಮುಳುಗಿದ ಬಟ್ಟೆಗಾದರೆ ಬಣ್ಣವು ಎರಡು ಮಗ್ಗುಲಿಗೂ ಇಳಿದಿರುತ್ತದೆ, ಯಂತ್ರದ ಬಟ್ಟೆಯ ಬೆನ್ನು ಬಿಳಿಚಿಕೊಂಡಿರುತ್ತದೆ ಎಂದು ಅಲ್ಲಿಯ ಬಣ್ಣಗಾರ್ತಿಯೊಬ್ಬರು ನನಗೆ ಹೇಳಿಕೊಟ್ಟರು. ಬುದ್ಧಿವಂತ ಗಿರಾಕಿಗಳು ಈಗ ಬಟ್ಟೆಯ ಹಿಂಬದಿಯ ಚಿತ್ರವನ್ನೂ ಕಳುಹಿಸಿರೆಂದು ಕೇಳತೊಡಗಿದ್ದಾರಂತೆ. ಕೇಳದವರಿಗೂ ಆಕೆ ತಾವಾಗಿಯೇ ಕಳುಹಿಸುತ್ತಾರೆ.